ಹಳೆಯ ಗೋಡೆಗೆ ಹೊಸ ಅಂಕಣ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಟ್ಟಿದ ಮನೆಗೆ, ಅದರಲ್ಲೂ ನೂರಿಪ್ಪತ್ತು ವರ್ಷ ದಾಟಿದ ಇಂಗ್ಲಿಷ್ ಮನೆಗೆ, ಇನ್ನೊಂದು ಅಂಕಣ ಸೇರಿಸಿ ನೋಡು ಎಂದು ಅವರು ಹೇಳಲಿಲ್ಲ. ಆ ಅವಸ್ಥೆ ಅವರ ಊಹೆಗೆ ಬಂದಿರಲಾರದು. ನಮ್ಮ ಸಂಘದ ಕಳೆದ ದೀಪಾವಳಿ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಮೂರು ಕುಟುಂಬದವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: “ನಿಮ್ಮ ಹಿಂದಿನ ಕೋಣೆ ಹೇಗೆ ಕಟ್ಟಿಸಿದಿರಿ? ಎಷ್ಟಾಯಿತು?” ಎಷ್ಟಾಯಿತು ಎಂಬುದನ್ನು ನಮ್ಮವರು ಇನ್ನೂ ಲೆಕ್ಕ ಹಾಕುತ್ತಲೇ ಇದ್ದಾರೆ. ಹೇಗೆ ಎಂಬುದಕ್ಕೆ ಉತ್ತರ ಹೇಳಹೊರಟರೆ ಅದು ಒಂದು ಗೋಡೆಯ ಕಥೆಯಾಗಿ ನಿಲ್ಲದೆ, ಈ ದೇಶದ ಇಟ್ಟಿಗೆ ಮತ್ತು ಗಾರೆಯ ಇತಿಹಾಸವಾಗಿಬಿಡುತ್ತದೆ. ಸಂಪಾದಕರು “ಹಾಗಾದರೆ ಅದನ್ನೇ ಬರೆದುಕೊಡಿ” ಎಂದರು. ನಾನು ಇತಿಹಾಸಕಾರಳಲ್ಲ, ರಸಾಯನಶಾಸ್ತ್ರದವಳು. ತಪ್ಪು ಮಾಡಿ ಕಲಿತವಳು ಎಂಬುದಷ್ಟೇ ನನ್ನ ಅರ್ಹತೆ.

ಮೊದಲು ಸಂದರ್ಭ ಹೇಳುತ್ತೇನೆ. ನಮ್ಮದು 1890ರ ದಶಕದ ಸಾಲುಮನೆ. ಮಲಗುವ ಕೋಣೆ, ಬಚ್ಚಲು ಎಲ್ಲವೂ ಮಹಡಿಯ ಮೇಲೆ. ಮೆಟ್ಟಿಲೋ ಏಣಿಯಂತೆ ಕಡಿದು. ಹಾಸನದ ಕಡೆಯ ನಮ್ಮ ಅತ್ತೆಯವರಿಗೆ ಮಂಡಿನೋವು. ಅವರು ಬಂದಾಗ ಕೆಳಗೇ ಮಲಗಲು ಒಂದು ಕೋಣೆ, ಪಕ್ಕದಲ್ಲೇ ಬಚ್ಚಲು ಇರಲಿ ಎಂದು ನಾವು ನಿರ್ಧರಿಸಿದೆವು. ಫೋನಿನಲ್ಲಿ ನಮ್ಮವರು “ಅಮ್ಮಾ, ನಿನಗೋಸ್ಕರ ಎಕ್ಸ್‌ಟೆನ್ಷನ್ ಕಟ್ಟಿಸ್ತಿದೀವಿ” ಎಂದಾಗ ಅತ್ತೆ ಗಾಬರಿಯಾಗಿ “ಯಾವ ಎಕ್ಸ್‌ಟೆನ್ಷನ್ನೋ? ಊರಾಚೆ ಹೋಗ್ತಿದೀರಾ?” ಎಂದರು. ಬಡಾವಣೆಗೆ ಎಕ್ಸ್‌ಟೆನ್ಷನ್ ಎನ್ನುವ ಊರಿನವರಿಗೆ ಬೇರೆ ಏನು ತೋಚೀತು! “ಹಿತ್ತಿಲ ಕಡೆಗೆ ಒಂದು ಅಂಕಣ ಸೇರಿಸ್ತಿದೀವಿ ಅತ್ತೆ” ಎಂದು ನಾನು ಹೇಳಿದ ಮೇಲೆ ಅರ್ಥವಾಯಿತು. ಮರುಕ್ಷಣವೇ ಅವರ ಪ್ರಶ್ನೆ: “ಇದೇನೇ ಇದು, ಆರು ತಿಂಗಳಿಗೆ ಬಂದುಹೋಗೋ ಮುದುಕಿಗೆ ಇಷ್ಟೊಂದು ಖರ್ಚೇ?”

ಪ್ರಶ್ನೆ ಸರಿಯಾದದ್ದೇ. ಸಂದರ್ಶಕರ ವೀಸಾದಲ್ಲಿ ಬರುವ ತಂದೆ ತಾಯಿಯರು ಒಂದು ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ ಎಂಬುದು ನಮ್ಮೆಲ್ಲರಿಗೂ ಗೊತ್ತು. ಕಟ್ಟಡದವರೊಬ್ಬರು ಸಿದ್ಧ ಹಲಗೆಗಳಿಂದ ಎರಡು ವಾರದಲ್ಲಿ ಕೋಣೆ ನಿಲ್ಲಿಸಿಕೊಡುತ್ತೇವೆ, ಅರ್ಧದಷ್ಟೇ ಖರ್ಚು ಎಂದರು. ಆದರೂ ನಾವು ಇಟ್ಟಿಗೆಯನ್ನೇ ಆರಿಸಿದೆವು. ಅದಕ್ಕೆ ಕಾರಣ, ನಮ್ಮ ಹಿಂದಿನ ಗೋಡೆಗೆ ನಾನೇ ಮಾಡಿದ್ದ ಒಂದು ಅಪಚಾರ.

ಮನೆ ಕೊಂಡ ಮರುವರ್ಷ, 2017ರ ಬೇಸಿಗೆಯಲ್ಲಿ, ಹಿಂದಿನ ಗೋಡೆಯ ಇಟ್ಟಿಗೆಗಳ ಸಂದಿನ ಗಾರೆ ಉದುರುತ್ತಿರುವುದನ್ನು ಕಂಡೆ. ಬೆರಳಲ್ಲಿ ಗೀಚಿದರೆ ಪುಡಿಪುಡಿ. ‘ಎಂಥ ದುರ್ಬಲ ಗಾರೆ!’ ಎಂದುಕೊಂಡು, ಒಂದು ಪಾಲು ಸಿಮೆಂಟು ಮೂರು ಪಾಲು ಮರಳು ಕಲಸಿ, ನಾಲ್ಕು ಶನಿವಾರ ಕೂತು, ಕರಣೆ ಹಿಡಿದು ಸಂದುಗಳನ್ನೆಲ್ಲ ಭದ್ರವಾಗಿ ತುಂಬಿದೆ. ಪಿಎಚ್.ಡಿ. ಮಾಡಿದವಳಲ್ಲವೇ, ಗಟ್ಟಿಯಾದದ್ದೇ ಒಳ್ಳೆಯದು ಎಂಬ ನಂಬಿಕೆ. ಗೋಡೆ ಚೌಕುಳಿ ಹಾಕಿದಂತೆ ಚೆಂದ ಕಂಡಿತು. ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಇಟ್ಟಿಗೆಗಳ ಮುಖ ಹಪ್ಪಳದಂತೆ ಎದ್ದು ಉದುರತೊಡಗಿತು. ನಾನು ತುಂಬಿದ ಸಿಮೆಂಟಿಗೆ ಮಾತ್ರ ಏನೂ ಆಗಿರಲಿಲ್ಲ. ಇಟ್ಟಿಗೆ ಹಿಂದೆ ಸರಿದು ಅದು ಪಂಜರದ ಸರಳಿನಂತೆ ಮುಂದೆ ಚಾಚಿ ನಿಂತಿತ್ತು. ಒಳಗೋಡೆಯಲ್ಲಿ ತೇವ. ನೂರಿಪ್ಪತ್ತು ವರ್ಷ ಹಿಮ ಮಳೆ ತಡೆದ ಗೋಡೆ ನನ್ನ ಕೈಗೆ ಸಿಕ್ಕಿ ಮೂರೇ ವರ್ಷಕ್ಕೆ ಹಾಳಾದದ್ದು ಹೇಗೆ? ಇದಕ್ಕೆ ಉತ್ತರ ಹುಡುಕುತ್ತ ನಾನು ಇತಿಹಾಸದೊಳಗೆ ಇಳಿದೆ.

ಇಂಗ್ಲೆಂಡಿಗೆ ಸುಟ್ಟ ಇಟ್ಟಿಗೆ ತಂದವರು ರೋಮನರು. ಐದನೆಯ ಶತಮಾನದ ಆರಂಭದಲ್ಲಿ ಅವರ ಆಳ್ವಿಕೆ ಮುಗಿದ ಮೇಲೆ ಇಲ್ಲಿಯವರು ಆ ವಿದ್ಯೆಯನ್ನು ನೂರಾರು ವರ್ಷ ಮರೆತರು. ಹಳೆಯದನ್ನು ಕಿತ್ತು ಬಳಸುವುದನ್ನು ಮಾತ್ರ ಮರೆಯಲಿಲ್ಲ. ಸೇಂಟ್ ಆಲ್ಬನ್ಸ್‌ನ ದೊಡ್ಡ ಚರ್ಚನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. 1077ರಲ್ಲಿ ಆರಂಭವಾದ ಆ ಕಟ್ಟಡದ ಗೋಪುರದಲ್ಲಿರುವುದು ಪಕ್ಕದ ವೆರುಲೇಮಿಯಂ ಎಂಬ ಪಾಳುಬಿದ್ದ ರೋಮನ್ ಪಟ್ಟಣದಿಂದ ಹೊತ್ತುತಂದ ಇಟ್ಟಿಗೆ. ಅಂದರೆ ಆ ಇಟ್ಟಿಗೆಗಳು ಎರಡನೆಯ ಬಾಳು ಆರಂಭಿಸಿಯೇ ಒಂಬತ್ತು ಶತಮಾನಗಳಿಗೂ ಹೆಚ್ಚಾಯಿತು.

ಶ್ರೀಮಂತರು ಮತ್ತೆ ಇಟ್ಟಿಗೆಯನ್ನು ಮೆಚ್ಚಿ ಹ್ಯಾಂಪ್ಟನ್ ಕೋರ್ಟಿನಂಥ ಅರಮನೆ ಕಟ್ಟಿಸಿದ್ದು ಹದಿನಾರನೆಯ ಶತಮಾನದಲ್ಲಿ. ಲಂಡನ್ನಿನ ಜನಸಾಮಾನ್ಯರ ಮನೆಗಳು ಆಗಲೂ ಬಹುಮಟ್ಟಿಗೆ ಮರದವೇ. 1666ರ ಸೆಪ್ಟೆಂಬರಿನಲ್ಲಿ ಬೇಕರಿಯೊಂದರಲ್ಲಿ ಹೊತ್ತಿದ ಬೆಂಕಿ ನಾಲ್ಕೈದು ದಿನಗಳಲ್ಲಿ 13,000ಕ್ಕೂ ಹೆಚ್ಚು ಮನೆಗಳನ್ನು ನುಂಗಿತು. ಮರುವರ್ಷವೇ, 1667ರಲ್ಲಿ, ಪಾರ್ಲಿಮೆಂಟು ಕಾನೂನು ಮಾಡಿತು: ನಗರದ ಮನೆಗಳ ಹೊರಗೋಡೆ ಇಟ್ಟಿಗೆಯದು ಅಥವಾ ಕಲ್ಲಿನದು ಆಗಿರತಕ್ಕದ್ದು. ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಯಾವ ಅಂತಸ್ತಿನ ಗೋಡೆ ಎಷ್ಟು ಇಟ್ಟಿಗೆ ದಪ್ಪವಿರಬೇಕು ಎಂಬುದನ್ನೂ ಗೊತ್ತುಮಾಡಲಾಯಿತು. ಎರಡು ಮನೆಗಳ ನಡುವಿನ ಗೋಡೆಯನ್ನು ಇಬ್ಬರ ಜಾಗದಲ್ಲೂ ಸಮನಾಗಿ ಎಬ್ಬಿಸಬೇಕೆಂಬ ನಿಯಮವೂ ಬಂತು. ಇಂದು ನಾವು ಹಿತ್ತಿಲಲ್ಲಿ ಒಂದು ಕೋಣೆ ಕಟ್ಟುವಾಗ ನೆರೆಯವರಿಗೆ ನೋಟೀಸು ಕೊಡುತ್ತೇವಲ್ಲ, 1996ರ ಪಾರ್ಟಿ ವಾಲ್ ಕಾನೂನು, ಅದರ ಬೇರು ಲಂಡನ್ನಿನ ಇಂಥ ಹಳೆಯ ಕಟ್ಟಡ ಕಾನೂನುಗಳಲ್ಲೇ ಇದೆ.

ಇಟ್ಟಿಗೆ ಜನಪ್ರಿಯವಾದ ಮೇಲೆ ಸರ್ಕಾರದ ಕಣ್ಣು ಅದರ ಮೇಲೆ ಬೀಳದೆ ಇದ್ದೀತೆ? ಅಮೆರಿಕದ ಯುದ್ಧದಲ್ಲಿ ಬರಿದಾದ ಬೊಕ್ಕಸ ತುಂಬಲು 1784ರಲ್ಲಿ ಸಾವಿರ ಇಟ್ಟಿಗೆಗೆ ಎರಡೂವರೆ ಶಿಲಿಂಗ್ ತೆರಿಗೆ ಹಾಕಿದರು. ತೆರಿಗೆ ಎಣಿಕೆಯ ಮೇಲೆ ತಾನೇ? ಕೆಲವರು ಇಟ್ಟಿಗೆಯನ್ನೇ ಹಿಗ್ಗಿಸಿದರು. ಮೀಶಮ್ ಎಂಬ ಊರಿನಲ್ಲಿ ಜೋಸೆಫ್ ವಿಲ್ಕ್ಸ್ ಎಂಬಾತ ಮಾಮೂಲಿಗಿಂತ ಬಹಳ ದೊಡ್ಡ ಇಟ್ಟಿಗೆ ಹೊಯ್ದು ಮಾರಿದ. 1803ರಲ್ಲಿ ಸರ್ಕಾರ 150 ಘನ ಅಂಗುಲ ಮೀರಿದ ಇಟ್ಟಿಗೆಗೆ ಇಮ್ಮಡಿ ತೆರಿಗೆ ಹಾಕಿ ಆ ಚಾಲಾಕಿಗೆ ಕಡಿವಾಣ ಹಾಕಿತು. ತೆರಿಗೆ ರದ್ದಾದದ್ದು 1850ರಲ್ಲಿ. ಆ ಹೊತ್ತಿಗೆ ರೈಲ್ವೆ ಹರಡಿತ್ತು. ಹಿಂದೆ ಆಯಾ ಊರಿನ ಮಣ್ಣಿನಿಂದ ಆಯಾ ಊರಿನ ಇಟ್ಟಿಗೆ. ಈಗ ಎಲ್ಲಿಯದೋ ಇಟ್ಟಿಗೆ ಎಲ್ಲಿಗೋ ಹೋಗತೊಡಗಿತು. 1858ರಲ್ಲಿ ಜರ್ಮನಿಯ ಫ್ರೀಡ್ರಿಕ್ ಹಾಫ್‌ಮನ್ ಬೆಂಕಿ ಆರದೆ ಸುತ್ತುತ್ತಲೇ ಇರುವ ಗೂಡಿಗೆ ಪೇಟೆಂಟ್ ಪಡೆದ. ಒಂದು ಕೋಣೆಯಲ್ಲಿ ಇಟ್ಟಿಗೆ ಬೇಯುತ್ತಿರುವಾಗ ಅದರ ಬಿಸಿಯಲ್ಲೇ ಮುಂದಿನ ಕೋಣೆಯ ಹಸಿ ಇಟ್ಟಿಗೆ ಒಣಗುತ್ತದೆ. ನಮ್ಮ ಒಲೆಯಲ್ಲಿ ಮುಂದಿನ ಉರಿಗೆ ಅನ್ನ, ಹಿಂದಿನ ಕೊಡಗಲ್ಲಿಗೆ ಸಾರು ಇಟ್ಟ ಹಾಗೆ.

ಇನ್ನು ನಮ್ಮ ಮನೆಯಂಥ ಸಾಲುಮನೆಗಳು. 1875ರ ಸಾರ್ವಜನಿಕ ಆರೋಗ್ಯ ಕಾನೂನು ಮತ್ತು 1877ರಲ್ಲಿ ಹೊರಟ ಮಾದರಿ ಬೈಲಾಗಳ ಫಲವಾಗಿ ಊರೂರಿನಲ್ಲಿ ಅಗಲವಾದ ಬೀದಿ, ಗಾಳಿಬೆಳಕು, ಹಿಂದುಗಡೆ ಬಯಲು ಇರುವ ಮನೆಗಳ ಸಾಲುಗಳು ಎದ್ದವು. ಇವುಗಳಲ್ಲಿ ಬಹಳಷ್ಟಕ್ಕೆ ಹಿಂದೆ ಒಂದು ಬಾಲ ಹುಟ್ಟಿನಿಂದಲೇ ಇತ್ತು: ಮುಂದಿನ ಎರಡು ಕೋಣೆ ಮುಗಿದ ಮೇಲೆ ಅಗಲ ಕಡಿಮೆಯಾಗಿ ಹಿತ್ತಿಲಿಗೆ ಚಾಚಿದ ಭಾಗ. ಅಲ್ಲಿ ಪಾತ್ರೆ ತೊಳೆಯುವ, ಬಟ್ಟೆ ಕುದಿಸುವ ಕೋಣೆ, ಅದರಾಚೆ ಪಾಯಿಖಾನೆ. ಎಕ್ಸ್‌ಟೆನ್ಷನ್ ಎಂಬುದು ನಾವು ವಲಸೆ ಬಂದವರು ತಂದ ಹೊಸ ಗೀಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಈ ಮನೆಗಳು ಹಿಂದಕ್ಕೆ ಚಾಚುತ್ತಲೇ ಹುಟ್ಟಿದವು.

ಇವುಗಳ ಹೊರಗೋಡೆ ಸಾಮಾನ್ಯವಾಗಿ ಒಂಬತ್ತು ಅಂಗುಲ, ಅಂದರೆ ಒಂದು ಇಟ್ಟಿಗೆಯ ಉದ್ದದಷ್ಟು ದಪ್ಪ. ನಮ್ಮ ಗೋಡೆಯ ಪ್ರತಿ ವರಸೆಯಲ್ಲೂ ಒಂದು ಇಟ್ಟಿಗೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಇದಕ್ಕೆ ಫ್ಲೆಮಿಶ್ ಬಾಂಡ್ ಎಂದು ಹೆಸರು. ಅಡ್ಡ ಇಟ್ಟಿಗೆ ಗೋಡೆಯ ಎರಡೂ ಪದರಗಳನ್ನು ಬಿಗಿದು ಹಿಡಿಯುತ್ತದೆ. ಸಂದಿನಲ್ಲಿ ಇದ್ದದ್ದು ಸುಣ್ಣದ ಗಾರೆ. ನನ್ನ ಅಪಚಾರದ ಕಥೆ ಅರ್ಥವಾಗಬೇಕಾದರೆ ಈ ಸುಣ್ಣದ ವಿಷಯ ಸ್ವಲ್ಪ ಹೇಳಲೇಬೇಕು.

ಸುಣ್ಣದಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ನೂರು ಸೇರು ಕಲ್ಲು ಐವತ್ತಾರು ಸೇರು ಸುಟ್ಟ ಸುಣ್ಣವಾಗುತ್ತದೆ. ಅದಕ್ಕೆ ನೀರು ಹೊಯ್ದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣಕ್ಕೆ ಮರಳು ಬೆರೆಸಿ ಗೋಡೆಗೆ ಹಾಕಿದರೆ, ಕಳೆದುಕೊಂಡ ಅನಿಲವನ್ನು ಗಾಳಿಯಿಂದ ಮತ್ತೆ ಹೀರಿಕೊಳ್ಳುತ್ತ ಹೊರಗಿನಿಂದ ಒಳಕ್ಕೆ ವರ್ಷಗಟ್ಟಲೆ ನಿಧಾನವಾಗಿ ಮರಳಿ ಕಲ್ಲಾಗುತ್ತದೆ. ಶುದ್ಧ ಸುಣ್ಣದ ಒಂದು ದೋಷವೆಂದರೆ ಅದು ನೀರಿನೊಳಗೆ ಗಟ್ಟಿಯಾಗುವುದಿಲ್ಲ. ಈ ತೊಡಕನ್ನು ಪ್ರಯೋಗದಿಂದ ಬಿಡಿಸಿದವನು ಜಾನ್ ಸ್ಮೀಟನ್ ಎಂಬ ಎಂಜಿನಿಯರ್. ಪ್ಲಿಮತ್ ಬಂದರಿನ ಆಚೆ, ಸಮುದ್ರದ ನಡುವಿನ ಎಡಿಸ್ಟೋನ್ ಬಂಡೆಯ ಮೇಲೆ ದೀಪಸ್ತಂಭ ಕಟ್ಟುವ ಹೊಣೆ 1756ರಲ್ಲಿ ಅವನದಾಗಿತ್ತು. ಅವನು ಬೇರೆ ಬೇರೆ ಕಡೆಯ ಸುಣ್ಣದಕಲ್ಲುಗಳನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ನೋಡಿದ. ಯಾವ ಕಲ್ಲು ಕರಗಿದ ಮೇಲೆ ತಳದಲ್ಲಿ ಜೇಡಿ ಉಳಿಯುತ್ತದೋ ಆ ಕಲ್ಲಿನ ಸುಣ್ಣವೇ ನೀರಿನಲ್ಲೂ ಗಟ್ಟಿಯಾಗುತ್ತದೆ ಎಂಬುದನ್ನು ಕಂಡುಕೊಂಡ. ಅವನು ಆರಿಸಿದ ಸುಣ್ಣ ವೇಲ್ಸಿನ ಅಬರ್‌ಥಾದ್ದು. ಜೊತೆಗೆ ಬೆರೆಸಿದ್ದು ಇಟಲಿಯಿಂದ ತರಿಸಿದ ಜ್ವಾಲಾಮುಖಿಯ ಬೂದಿಮಣ್ಣು. 1759ರಲ್ಲಿ ಮುಗಿದ ಆ ಸ್ತಂಭ ಸುಮಾರು 120 ವರ್ಷ ಅಲೆಗಳ ಹೊಡೆತ ತಡೆಯಿತು. ಕೊನೆಗೆ ಸವೆದದ್ದು ಸ್ತಂಭವಲ್ಲ, ಕೆಳಗಿನ ಬಂಡೆ! ಸ್ತಂಭದ ಮೇಲ್ಭಾಗವನ್ನು ಬಿಚ್ಚಿ ತಂದು ಪ್ಲಿಮತ್ತಿನ ದಡದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಬೇಕಾದದ್ದು.

ಇದೇ ಗುಟ್ಟು ನಮ್ಮವರಿಗೂ ತಿಳಿದಿತ್ತು. ಜ್ವಾಲಾಮುಖಿಯ ಬೂದಿಯ ಬದಲು ನಮ್ಮಲ್ಲಿ ಸುಟ್ಟ ಇಟ್ಟಿಗೆಯ ಪುಡಿ, ಅಂದರೆ ಸುರ್ಕಿ. ಸುಣ್ಣಕ್ಕೆ ಸುರ್ಕಿ ಸೇರಿಸಿ ಗಾಣದಲ್ಲಿ ಅರೆದ ಗಾರೆ ನೀರನ್ನು ತಡೆಯುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದ ಕಲ್ಲುಕಟ್ಟೆಯನ್ನು ಬೆಸೆದದ್ದು ಸುರ್ಕಿ ಗಾರೆಯೇ. ಹಂಪೆಯಲ್ಲಿ ಗ್ರಾನೈಟ್ ಕಲ್ಲಿನ ಬುಡದ ಮೇಲೆ ಎದ್ದು ನಿಂತ ಗೋಪುರಗಳ ಮೇಲ್ಭಾಗವೂ ಇಟ್ಟಿಗೆ ಮತ್ತು ಸುಣ್ಣದ ಕೆಲಸವೇ.

1824ರಲ್ಲಿ ಲೀಡ್ಸ್‌ನ ಇಟ್ಟಿಗೆ ಕೆಲಸಗಾರ ಜೋಸೆಫ್ ಆಸ್ಪ್‌ಡಿನ್ ‘ಪೋರ್ಟ್‌ಲೆಂಡ್ ಸಿಮೆಂಟ್’ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದ. ಅವನ ಕಾಲದ ಸಿಮೆಂಟಿಗೂ ಇಂದಿನದಕ್ಕೂ ಬಹಳ ಅಂತರವಿದೆ. ಆದರೆ ದಾರಿ ಅಲ್ಲಿಂದ ತೆರೆಯಿತು. ಬೇಗ ಗಟ್ಟಿಯಾಗುತ್ತದೆ, ಚಳಿಯಲ್ಲೂ ಕೆಲಸ ನಿಲ್ಲಿಸಬೇಕಾಗಿಲ್ಲ, ಎಲ್ಲಿ ಕೊಂಡರೂ ಒಂದೇ ಗುಣ. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಗೋಡೆಯ ರಚನೆಯೂ ಬದಲಾಯಿತು: ನಡುವೆ ಟೊಳ್ಳು ಬಿಟ್ಟು ಎರಡು ತೆಳು ಗೋಡೆ ಎಬ್ಬಿಸಿ ಲೋಹದ ಕೊಂಡಿಗಳಿಂದ ಹಿಡಿದಿಡುವ ಪದ್ಧತಿ ಹರಡಿತು. ಎರಡನೆಯ ಮಹಾಯುದ್ಧದ ನಂತರ ಲಕ್ಷಗಟ್ಟಲೆ ಮನೆ ಬೇಕಾದಾಗ ಸಿಮೆಂಟಿನ ಮುಂದೆ ಸುಣ್ಣ ಮೂಲೆ ಸೇರಿತು.

ಆ ಮನೆಗಳಿಗೆ ಇಟ್ಟಿಗೆ ಒದಗಿಸಿದ ಕಥೆಯಲ್ಲಿ ವಲಸೆಗಾರರಿಗೂ ಪಾಲಿದೆ. 1880ರ ದಶಕದಲ್ಲಿ ಪೀಟರ್‌ಬರೋ ಬಳಿಯ ಫ್ಲೆಟನ್ ಎಂಬಲ್ಲಿ ವಿಚಿತ್ರ ಜೇಡಿಮಣ್ಣೊಂದು ಬಳಕೆಗೆ ಬಂತು. ಪ್ರಾಚೀನ ಸಮುದ್ರಜೀವಿಗಳ ಅವಶೇಷದಿಂದ ಅದರಲ್ಲಿ ಇಂಗಾಲದ ಅಂಶ ಎಷ್ಟಿತ್ತೆಂದರೆ, ಒಮ್ಮೆ ಬೆಂಕಿ ತಗಲಿದರೆ ಇಟ್ಟಿಗೆ ಬಹುಪಾಲು ತನ್ನ ಕಾವಿನಲ್ಲೇ ಬೇಯುತ್ತಿತ್ತು. ಇಂಧನ ಉಳಿತಾಯ, ಬೆಲೆ ಅಗ್ಗ. ಸುತ್ತಲ ಊರಿಗೆ ಮಾತ್ರ ಗಂಧಕದ ವಾಸನೆ. ಯುದ್ಧಾನಂತರ ಈ ಬಿಸಿ ಗೂಡುಗಳಲ್ಲಿ ದುಡಿಯಲು ಇಲ್ಲಿಯವರು ಸಾಲದೆ, 1951ರಿಂದ ದಕ್ಷಿಣ ಇಟಲಿಯ ಹಳ್ಳಿಗರನ್ನು ಬೆಡ್‌ಫರ್ಡ್ ಕಡೆಗೆ ಕರೆಸಿಕೊಂಡರು. ಅವರ ಹಿಂದೆ ನಮ್ಮ ಉಪಖಂಡದವರೂ ಬಂದು ಸೇರಿದರು. ಆ ಪ್ರದೇಶದ ಹೆಸರಾಂತ ಸ್ಟೂವರ್ಟ್‌ಬಿ ಕಾರ್ಖಾನೆ 2008ರಲ್ಲಿ ಮುಚ್ಚಿತು. ಈ ದೇಶದ ಎಷ್ಟೋ ಮನೆಗಳ ಗೋಡೆಯಲ್ಲಿ ಪರದೇಶಿಗಳ ಬೆವರಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಈಗ ನನ್ನ ಗೋಡೆಗೆ ಮರಳೋಣ. ಹಳೆಯ ಇಟ್ಟಿಗೆ ಮೃದು, ರಂಧ್ರಮಯ. ಮಳೆ ಬಂದರೆ ನೀರು ಹೀರುತ್ತದೆ, ಬಿಸಿಲು ಬಂದರೆ ಬಿಡುತ್ತದೆ. ಆ ನೀರು ಹೊರಹೋಗುವ ಸುಲಭ ದಾರಿ ಸುಣ್ಣದ ಸಂದು. ನಾನು ಆ ದಾರಿಗೆ ಸಿಮೆಂಟಿನ ಬಾಗಿಲು ಜಡಿದೆ. ನೀರು ಇಟ್ಟಿಗೆಯಲ್ಲೇ ಸಿಕ್ಕಿಬಿತ್ತು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ ಎಂಬುದನ್ನು ನಾನೇ ಎಷ್ಟು ವಿದ್ಯಾರ್ಥಿಗಳಿಗೆ ಪಾಠ ಹೇಳಿಲ್ಲ! ಹಿಮ ಬಿದ್ದಾಗಲೆಲ್ಲ ಇಟ್ಟಿಗೆಯ ಮುಖ ಒಡೆಯಿತು. ನಾನು ‘ದುರ್ಬಲ’ ಎಂದು ಹಳಿದ ಗಾರೆ ಉದುರುತ್ತಿದ್ದದ್ದು ದೌರ್ಬಲ್ಯದಿಂದಲ್ಲ. ಇಟ್ಟಿಗೆಗೆ ಬರಬೇಕಾದ ಪೆಟ್ಟನ್ನು ತಾನು ತಿಂದು ಸವೆಯುವುದೇ ಅದರ ಕೆಲಸ. ನಮಗೆ ಸಿಕ್ಕ ಮೇಸ್ತ್ರಿ ಅರವತ್ತು ದಾಟಿದ ಇಂಗ್ಲಿಷ್ ಮನುಷ್ಯ. ನನ್ನ ಕೆಲಸವನ್ನು ಬಹಳ ಹೊತ್ತು ನೋಡಿ, ಮರ್ಯಾದೆಗೆ ಏನೂ ಅನ್ನದೆ, ಗಾರೆ ನೂರು ವರ್ಷಕ್ಕೊಮ್ಮೆ ಬದಲಾಗಬೇಕಾದದ್ದು, ಇಟ್ಟಿಗೆ ಹಾಗಲ್ಲ ಎಂದಷ್ಟೇ ಹೇಳಿದರು. ಪುಸ್ತಕದಲ್ಲಿ ನಾನು ಓದಿದ್ದೆಲ್ಲ ಆ ಮಾತಿನಲ್ಲಿ ಅಡಗಿತ್ತು.

ಆ ಗೋಡೆಗೆ ಹೊಸ ಕೋಣೆಯನ್ನು ತಗುಲಿಸುವ ಮುನ್ನ ಅದನ್ನು ಸರಿಪಡಿಸಬೇಕಾಯಿತು. ಸಿಮೆಂಟನ್ನು ಉಳಿಯಿಂದ ಒಂದೊಂದೇ ಅಂಗುಲ ಬಿಡಿಸಿದೆವು. ಮುಖ ಹೋದ ಹನ್ನೊಂದು ಇಟ್ಟಿಗೆಗಳನ್ನು ಮೇಸ್ತ್ರಿ ಹೊರಗೆಳೆದು, ಹಿಂದುಮುಂದು ತಿರುಗಿಸಿ, ಮತ್ತೆ ಅದೇ ಗೂಡಿನಲ್ಲಿ ಕೂರಿಸಿದರು. ಒಳಗಿದ್ದ ಬೆನ್ನು ಈಗ ಮುಖವಾಗಿದೆ.

ಅನುಮತಿಯ ವಿಷಯಕ್ಕೆ ಬಂದರೆ, 1947ರ ನಗರ ಮತ್ತು ಗ್ರಾಮ ಯೋಜನಾ ಕಾನೂನು ಬಂದ ಮೇಲೆ ಇಲ್ಲಿ ಮನಸ್ಸಿಗೆ ಬಂದಂತೆ ಕಟ್ಟುವಂತಿಲ್ಲ. ಆದರೂ ಇಂಗ್ಲೆಂಡಿನಲ್ಲಿ ಸಾಲುಮನೆಯ ಹಿಂದಕ್ಕೆ 3 ಮೀಟರಿನವರೆಗೆ, ಒಂದಂತಸ್ತಿನ ಕೋಣೆಯನ್ನು ಕೆಲವು ಷರತ್ತುಗಳಿಗೆ ಒಳಪಟ್ಟು ಯೋಜನಾ ಅರ್ಜಿಯಿಲ್ಲದೆ ಕಟ್ಟಬಹುದು. ಷರತ್ತುಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು: ಹೊರಗೆ ಕಾಣುವ ಸಾಮಗ್ರಿ ಹಳೆಯ ಮನೆಯದನ್ನು ಹೋಲುವಂತಿರಬೇಕು. (ಸಂರಕ್ಷಿತ ಪ್ರದೇಶಗಳಿಗೂ ಫ್ಲಾಟುಗಳಿಗೂ ನಿಯಮ ಬೇರೆ, ತಮ್ಮ ಕೌನ್ಸಿಲಿನಲ್ಲಿ ವಿಚಾರಿಸದೆ ನನ್ನ ಮಾತು ನಂಬಿ ಪಾಯ ತೋಡಬೇಡಿ.) ಕಟ್ಟಡ ನಿಯಮಗಳ ತಪಾಸಣೆ ಇದಕ್ಕಿಂತ ಬೇರೆ, ಅದು ಬೇಕೇ ಬೇಕು. ನೆರೆಮನೆಯ ಅಜ್ಜಿಗೆ ಪಾಯದ ನೋಟೀಸನ್ನು ಒಂದು ತಿಂಗಳ ಮೊದಲೇ, ಚಕ್ಕುಲಿಯ ಡಬ್ಬಿಯ ಜೊತೆ ಕೊಟ್ಟು ಬಂದೆವು. ಸಹಿ ಸಂಜೆಯೊಳಗೆ ಬಂತು, ಖಾಲಿ ಡಬ್ಬಿ ಮರುದಿನ ಬಂತು.

ಇಟ್ಟಿಗೆ ಹೊಂದಿಸುವುದೇ ದೊಡ್ಡ ಪರದಾಟವಾಯಿತು. 1970ರ ದಶಕದಲ್ಲಿ ಈ ದೇಶ ಮೆಟ್ರಿಕ್ ಅಳತೆಗೆ ತಿರುಗಿದಾಗ ಇಟ್ಟಿಗೆಯೂ 215 × 102.5 × 65 ಮಿಲಿಮೀಟರ್ ಆಯಿತು. ನಮ್ಮ ಹಳೆಯ ಇಟ್ಟಿಗೆಯ ಎತ್ತರ 68. ಮೂರು ಮಿಲಿಮೀಟರ್ ಏನು ಮಹಾ ಎನ್ನಬೇಡಿ. ಮೂವತ್ತು ವರಸೆ ಏರುವಷ್ಟರಲ್ಲಿ ವ್ಯತ್ಯಾಸ 90 ಮಿಲಿಮೀಟರ್, ಅಂದರೆ ಒಂದು ಇಟ್ಟಿಗೆಗಿಂತ ಹೆಚ್ಚು. ಹಾಗಾಗಿ ಹಳೆಯ ಕಟ್ಟಡಗಳ ಸಾಮಾನು ಮಾರುವ ಅಂಗಳದಿಂದ ಸುಮಾರು 1200 ಇಟ್ಟಿಗೆ ತಂದೆವು. ಅಲ್ಲಿ ಇನ್ನೊಂದು ವಿಷಯ ತಿಳಿಯಿತು. ಸುಣ್ಣದ ಗೋಡೆ ಕೆಡವಿದರೆ ಇಟ್ಟಿಗೆ ಇಡಿಯಾಗಿ ಬಿಡಿಸಿಕೊಂಡು ಬರುತ್ತದೆ. ತಟ್ಟಿ ಕೆರೆದರೆ ಸಾಕು. ಗಟ್ಟಿ ಸಿಮೆಂಟಿನಲ್ಲಿ ಕಟ್ಟಿದ ಇಟ್ಟಿಗೆ ಬಿಡುವ ಮೊದಲೇ ಒಡೆಯುತ್ತದೆ. ಆ ಅಂಗಳದಲ್ಲಿ ರಾಶಿ ಬಿದ್ದದ್ದೆಲ್ಲ ಸುಣ್ಣದ ಕಾಲದ ಇಟ್ಟಿಗೆಯೇ.

2022ರ ಏಪ್ರಿಲ್‌ನಲ್ಲಿ ಅತ್ತೆ ಬಂದರು. ಮೇ ತಿಂಗಳಲ್ಲಿ ಪಾಯ ತೋಡಿದೆವು. ನಮ್ಮದು ಜೇಡಿಮಣ್ಣು, ಪಕ್ಕದಲ್ಲಿ ಮರ. ಬಯಲುಸೀಮೆಯ ಎರೆಭೂಮಿಯ ಹಾಗೆ ಈ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಹಿಗ್ಗುತ್ತದೆ. 1976ರ ಭೀಕರ ಬರದಲ್ಲಿ ಸಾವಿರಾರು ಮನೆಗಳು ಬಿರುಕುಬಿಟ್ಟ ಮೇಲೆ ಇಲ್ಲಿ ಪಾಯದ ಆಳ ಹೆಚ್ಚಿತು. ನಮ್ಮದು ಒಂದು ಮೀಟರಿಗೂ ಮಿಗಿಲು. ಕಾಂಕ್ರೀಟು ಸುರಿಯುವ ಮುನ್ನ ತಪಾಸಣಾಧಿಕಾರಿ ಬಂದು ಹಳ್ಳ ನೋಡಬೇಕು. ಅದೇ ಬೆಳಿಗ್ಗೆ ಅತ್ತೆ ಗುದ್ದಲಿ ಪೂಜೆ ಮುಗಿಸಿದ್ದರು. ಅಧಿಕಾರಿ ಅರಿಶಿನ ಕುಂಕುಮ ಹೂವು ತೆಂಗಿನ ಹೋಳನ್ನು ನೋಡಿ, ಇದೆಲ್ಲ ಪಾಯದಲ್ಲೇ ಉಳಿಯುತ್ತದೆಯೇ ಎಂದು ಗಂಭೀರವಾಗಿ ಕೇಳಿದರು. ತೆಂಗಿನಕಾಯಿ ಮಾತ್ರ ಚಟ್ನಿಗೆ ಹೋಗುತ್ತದೆ ಎಂದೆ. ಬರೆದುಕೊಂಡು ಹೋದರು.

ಈಗಿನ ನಿಯಮದಂತೆ ಬೆಚ್ಚಗಿರಬೇಕಾದ್ದರಿಂದ ಗೋಡೆ ಹೊರಗೆ ಇಟ್ಟಿಗೆ, ನಡುವೆ ಶಾಖ ತಡೆಯುವ ಪದರ, ಒಳಗೆ ಬ್ಲಾಕು. ಹೊರಪದರ ಅರ್ಧ ಇಟ್ಟಿಗೆ ದಪ್ಪ ಮಾತ್ರ. ಆದುದರಿಂದ ಫ್ಲೆಮಿಶ್ ಬಾಂಡಿನ ಅಡ್ಡ ಇಟ್ಟಿಗೆಗಳೆಲ್ಲ ವಾಸ್ತವವಾಗಿ ಅರ್ಧಕ್ಕೆ ತುಂಡರಿಸಿದವು, ನೋಟಕ್ಕಷ್ಟೆ. ಈ ಗುಟ್ಟನ್ನು ನಿಮಗೆ ಹೇಳದಿದ್ದರೆ ನನ್ನ ಮನಸ್ಸು ಒಪ್ಪದು. ಹಳೆಯ ಗೋಡೆ ನೂರಿಪ್ಪತ್ತು ವರ್ಷದಲ್ಲಿ ಕೂತು ನೆಲೆಯಾದದ್ದು, ಹೊಸದು ಇನ್ನು ಕೂರಬೇಕಾದದ್ದು. ಎರಡನ್ನೂ ಬಿಗಿದು ಬೆಸೆದರೆ ಬಿರುಕು ಖಂಡಿತ. ಹಳೆಯ ಗೋಡೆಗೆ ತುಕ್ಕು ಹಿಡಿಯದ ಉಕ್ಕಿನ ಪಟ್ಟಿ ಕೂರಿಸಿ, ಅದರಿಂದ ಹೊಸ ವರಸೆಗಳಿಗೆ ಕೊಂಡಿ ಹಾಕಿ, ನಡುವೆ ಸ್ವಲ್ಪ ಅಲುಗಾಡಲು ಎಡೆಬಿಟ್ಟರು. ಗಾರೆ ಸ್ಮೀಟನ್ ಹುಡುಕಿದ ಜಾತಿಯ, ಸ್ವಾಭಾವಿಕವಾಗಿ ಜೇಡಿಯ ಅಂಶವಿರುವ ಸುಣ್ಣದ್ದು. ಅದಕ್ಕೆ ಚಳಿ ಆಗದು; ಉಷ್ಣತೆ 5 ಡಿಗ್ರಿಗಿಂತ ಕೆಳಗಿಳಿಯುವ ದಿನಗಳಲ್ಲಿ ಕೆಲಸ ಮಾಡಬಾರದು. ನಮ್ಮ ಗಡಿಬಿಡಿಗೆ ಅದೂ ಒಂದು ಕಾರಣ. ಇನ್ನೊಂದು ಅತ್ತೆಯ ವೀಸಾ.

ಸುಣ್ಣ ಕಲಸುವ ದಿನ ಅತ್ತೆ ಕುರ್ಚಿ ಹಾಕಿಸಿಕೊಂಡು ಹಿತ್ತಿಲಲ್ಲಿ ಕೂತರು. ವಾಸನೆ ಬಂದದ್ದೇ “ಇದು ನಮ್ಮಪ್ಪನ ಮನೆ ವಾಸನೆ ಕಣೇ” ಎಂದರು. ಅವರು ಏಳೆಂಟು ವರ್ಷದವರಿದ್ದಾಗ ಅವರ ತಂದೆ ತಾರಸಿ ಹಾಕಿಸಿದರಂತೆ. ಗುಂಡಿಯಲ್ಲಿ ಸುಣ್ಣ ಅರಳಿಸಿ, ಎತ್ತಿನ ಗಾಣದಲ್ಲಿ ಗಾರೆ ಅರೆದು, ಇಟ್ಟಿಗೆ ಚೂರು ಸೇರಿಸಿ ಮೇಲೆ ಹರಡಿ, ಹೆಂಗಸರು ಸಾಲಾಗಿ ಕೂತು ಮರದ ಹಲಗೆಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು, ಹಾಡು ಹೇಳುತ್ತ. ಮೇಲಿನಿಂದ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. “ನೀವು ಬೆಲ್ಲ ಹಾಕೋದಿಲ್ವೇನೇ?” ಎಂದು ಕೇಳಿದರು. ಸಕ್ಕರೆಯ ಅಂಶವಿದ್ದರೆ ಸುಣ್ಣ ನೀರಿನಲ್ಲಿ ಹೆಚ್ಚು ಕರಗುತ್ತದೆ, ಸಿಮೆಂಟಿಗೆ ಒಂದು ಹಿಡಿ ಬಿದ್ದರೂ ಅದು ಗಟ್ಟಿಯಾಗುವುದೇ ತಡವಾಗುತ್ತದೆ ಎಂದು ನಾನು ವಿವರಿಸಹೊರಟೆ. “ಅದೆಲ್ಲ ನಂಗೊತ್ತಿಲ್ಲ, ಆ ತಾರಸಿ ನಮ್ಮಪ್ಪ ಹೋಗೋವರೆಗೂ ಸೋರಲಿಲ್ಲ” ಎಂದರು. ನಾನು ಮೂರು ವರ್ಷ ಪೆಟ್ಟು ತಿಂದು, ಪುಸ್ತಕ ಮಗುಚಿ ಕಲಿತದ್ದನ್ನು ಅವರು ಲಂಗ ತೊಟ್ಟ ವಯಸ್ಸಿನಲ್ಲೇ ಕಂಡಿದ್ದರು. ಗೋಡೆಗೆ ಸಿಮೆಂಟು ತುಂಬುವ ಮೊದಲು ಒಂದು ಫೋನು ಮಾಡಿ ಅವರನ್ನು ಕೇಳಬಹುದಿತ್ತು. ಕೇಳಬೇಕೆಂದು ತೋಚಲೇ ಇಲ್ಲ.

ಕೋಣೆ ಸೆಪ್ಟೆಂಬರ್ ಕೊನೆಗೆ ಮುಗಿಯಿತು. ಅತ್ತೆ ಅದರಲ್ಲಿ ಮಲಗಿದ್ದು ಹತ್ತೊಂಬತ್ತು ರಾತ್ರಿ. ಆಮೇಲೆ ವಿಮಾನ ಹತ್ತಿದರು. 2023ರಲ್ಲಿ ಮತ್ತೆ ಬಂದು ಐದು ತಿಂಗಳಿದ್ದರು. ಅದರ ಮುಂದಿನ ವರ್ಷ ವೈದ್ಯರು ಅಷ್ಟು ದೂರದ ಪ್ರಯಾಣ ಬೇಡ ಎಂದರು. ಈಗ ಅಲ್ಲಿ ಮಗಳು ಕೂತು ಓದುತ್ತಾಳೆ. ಬಾಗಿಲ ಮೇಲೆ ಅವಳೇ ಕನ್ನಡದಲ್ಲಿ ಬರೆದು ಅಂಟಿಸಿದ ‘ಅಜ್ಜಿ ರೂಮು’ ಎಂಬ ಚೀಟಿ ಇದೆ. ಆರು ತಿಂಗಳ ಅತಿಥಿಗೆ ನೂರು ವರ್ಷದ ಗೋಡೆಯೇ ಎಂದು ಕೇಳಿದವರಿಗೆ ನನ್ನಲ್ಲಿ ಈಗಲೂ ಲೆಕ್ಕದ ಉತ್ತರವಿಲ್ಲ. ಅವರು ಬಂದರೆ ತೇವವಿಲ್ಲದ ಕೋಣೆ ಕೆಳಗೇ ಸಿದ್ಧವಾಗಿದೆ ಎಂಬುದು ನಮಗೆ ಗೊತ್ತಿದೆ, ಅವರಿಗೂ ಗೊತ್ತಿದೆ.

ಕೊನೆಯದಾಗಿ ಸದಸ್ಯ ಬಾಂಧವರಲ್ಲಿ ಒಂದು ವಿನಂತಿ. ತಮ್ಮ ಮನೆ ಮೊದಲನೆಯ ಮಹಾಯುದ್ಧಕ್ಕಿಂತ ಹಿಂದಿನದಾಗಿದ್ದರೆ, ಗೋಡೆಗೆ ಕೈಹಾಕುವ ಮೊದಲು ಒಂದು ಮೊಳೆಯಿಂದ ಸಂದನ್ನು ಗೀಚಿ ನೋಡಿ. ಬೆಳ್ಳಗೆ ಪುಡಿಯಾದರೆ ಅದು ಬಹುಶಃ ಸುಣ್ಣ. ಸಿಮೆಂಟಿನ ಚೀಲವನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಊರಿನಲ್ಲಿ ಹಳೆಯ ಮನೆ ಕಂಡ ಹಿರಿಯರಿದ್ದರೆ ಅವರಿಗೊಂದು ಫೋನು ಮಾಡಿ. ಗೋಡೆ ನೋಡಬೇಕೆನ್ನುವವರು ಯಾವ ಭಾನುವಾರವಾದರೂ ಬನ್ನಿ, ಕಾಫಿ ಇರುತ್ತದೆ. ತಿರುಗಿಸಿ ಕೂರಿಸಿದ ಹನ್ನೊಂದು ಇಟ್ಟಿಗೆ ಯಾವುವು ಎಂದು ಗುರುತು ಹಿಡಿದವರಿಗೆ ಚಕ್ಕುಲಿಯೂ ಉಂಟು.